ಗಾಳಿ ಕೆಡವದ ಹದಿನೇಳು ಗುಡಿಸಲು

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮುಂಬಯಿಯ ಮಲಾಡ್‌ನಲ್ಲಿ, ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಕಿರಿಯ ಸರ್ವೇಯರ್. ಕಚೇರಿಯ ಹೆಸರು ಬೇಡ. ಅದು ಇನ್ನೂ ಇದೆ, ನನಗೆ ಪಿಂಚಣಿಯನ್ನೂ ಕೊಡುತ್ತಿದೆ. ನನ್ನ ಅಧಿಕಾರದ ಲಾಂಛನಗಳು ಮೂರು: ಅಳತೆಯ ಟೇಪು, ಇಂಕ್ ಪ್ಯಾಡು ಮತ್ತು ಕರಿಯ ಕೊಡೆ. ಇವುಗಳಲ್ಲಿ ಜನ ಗೌರವಿಸುತ್ತಿದ್ದುದು ಕೊಡೆಯನ್ನು ಮಾತ್ರ, ಅದೂ ಮಳೆಗಾಲದಲ್ಲಿ.

ಮಳೆ ಇನ್ನೂ ಹಿಡಿದಿರಲಿಲ್ಲ. ಒಂದು ಮಧ್ಯಾಹ್ನ ಸಮುದ್ರದ ಕಡೆಯಿಂದ ಚಂಡಮಾರುತ ಬರುತ್ತಿದೆಯೆಂದು ಮೇಲಿನಿಂದ ಸುದ್ದಿ ಬಂತು. ತಗ್ಗಿನಲ್ಲಿರುವವರಿಗೆಲ್ಲ ಶಾಲೆಯ ಕಟ್ಟಡಕ್ಕೆ ಹೋಗಲು ತಿಳಿಸಿ ಬರುವುದು ನಮ್ಮ ಕೆಲಸ. ನನ್ನ ಪಾಲಿಗೆ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಅಂಚಿನ ಹದಿನೇಳು ಗುಡಿಸಲು ಬಂದವು. ಬಿದಿರು, ತಗಡು, ಗೋಣಿತಟ್ಟುಗಳ ಮನೆಗಳು. ಇದ್ದವರೆಲ್ಲ ಬಿಜಾಪುರದ ಕಡೆಯವರು, ಕಟ್ಟಡದ ಕೆಲಸಗಾರರು. ರಸ್ತೆಯಾಚೆ ನಿಂತಿದ್ದ ನಾಲ್ಕಂತಸ್ತಿನ ಸೊಸೈಟಿ ಬಿಲ್ಡಿಂಗನ್ನು ಕಟ್ಟಿದ್ದೂ ಅವರೇ.

ಆ ಗುಂಪಿಗೆ ಹಿರಿಯಳೆಂದರೆ ಯಲ್ಲವ್ವ. ಗಂಡ ಗೋಡೆ ಕಟ್ಟುವ ಗವಂಡಿ, ಈಕೆ ಉಸುಕು ಹೊರುವವಳು. ನಾನು ಧಾರವಾಡದವನೆಂದು ಗೊತ್ತಾದ ದಿನದಿಂದ ನನ್ನ ಮೇಲೆ ಅವಳಿಗೆ ಒಂದು ಬಗೆಯ ಹಕ್ಕು ಬಂದಿತ್ತು.

"ಗಾಳಿ ಬರೂದು ಖರೇನರೀ ಸಾಹೇಬ್ರ?"

"ಖರೇನ. ಎಲ್ಲಾರೂ ಸಾಲಿಗೆ ನಡೀರಿ."

"ಮತ್ತ ಮನೀ ಬಿಚ್ಚಿ ಇಡೂಣೇನ್ರೀ?"

ನನ್ನ ಮನೆ ಬೈಕುಲ್ಲಾದ ಚಾಳಿನಲ್ಲಿ. ಲೋಕಲ್ ನಿಂತುಹೋಗುವ ಮೊದಲು ದಾದರ್ ಮುಟ್ಟಿ ಗಾಡಿ ಬದಲಿಸಬೇಕು. ನನ್ನ ಕಣ್ಣು ಗಡಿಯಾರದ ಮೇಲಿತ್ತು. "ಹೂಂ, ಬಿಚ್ಚ್ರಿ, ಬಿಚ್ಚ್ರಿ" ಎಂದವನೇ ಸ್ಟೇಷನ್ನಿನ ಕಡೆ ಓಡಿದೆ. ಹಾಗೆ ಹೇಳಲು ನನಗೆ ಅಧಿಕಾರವಿಲ್ಲ ಎಂಬುದು ಹೊಳೆಯಲೂ ಇಲ್ಲ.

ಗಾಳಿ ಮರುದಿನ ಬೆಳಿಗ್ಗೆ ಬಂತು. ಮನೆಯಲ್ಲೇ ಕಿಟಕಿಯ ಅಗುಳಿ ಹಿಡಿದುಕೊಂಡು ಕೂತ ನನ್ನ ಶೌರ್ಯವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಅದರ ಮಾರನೆಯ ದಿನ ಗಾಡಿಗಳು ಓಡಿದವು. ಹಾನಿಯ ಪಂಚನಾಮೆ ಮಾಡಲು ನನ್ನನ್ನು ಕಳಿಸಿದರು. ಪಂಚನಾಮೆಯೆಂದರೆ ಸ್ಥಳಕ್ಕೆ ಹೋಗಿ, ಕಂಡದ್ದನ್ನು ಬರೆದು, ಅಲ್ಲಿಯವರ ಸಹಿ ಇಲ್ಲವೆ ಹೆಬ್ಬೆಟ್ಟು ಪಡೆಯುವುದು.

ಮೊದಲು ಸೊಸೈಟಿ. ಸೆಕ್ರೆಟರಿಯವರು ಟೈಪ್ ಮಾಡಿಸಿದ ಅರ್ಜಿಯ ಮೂರು ಪ್ರತಿಗಳೊಡನೆ ಕಾದಿದ್ದರು. ನನಗೆ ಕುರ್ಚಿ ಹಾಕಿಸಿದರು. ಹನ್ನೊಂದು ಕಿಟಕಿ ಗಾಜು ಒಡೆದಿದ್ದವು, ನೀರಿನ ಟಾಕಿಯ ಮುಚ್ಚಳ ಹಾರಿತ್ತು, ಕಂಪೌಂಡಿನ ಮೇಲೆ ಒಂದು ಗುಲ್‌ಮೊಹರ್ ಮಲಗಿತ್ತು. ಒಂದೊಂದು ಗಾಜಿನ ಮುಂದೆಯೂ ನಾವಿಬ್ಬರೂ ಒಂದು ಕ್ಷಣ ಮೌನವಾಗಿ ನಿಂತೆವು. ಮುಂಜಾನೆಯ ಅರ್ಧ ಅಲ್ಲೇ ಕಳೆಯಿತು.

ರಸ್ತೆ ದಾಟಿ ನೋಡಿದರೆ ಹದಿನೇಳು ಗುಡಿಸಲೂ ಇಲ್ಲ. ಬೋಳು ನೆಲ. ಒಂದು ಪಕ್ಕದಲ್ಲಿ ತಗಡು, ಬಿದಿರುಗಳನ್ನು ಒಪ್ಪವಾಗಿ ಪೇರಿಸಿ, ಮೇಲೆ ಕಲ್ಲು ಹೇರಿ, ಆ ಕಲ್ಲುಗಳ ಮೇಲೆ ಮಕ್ಕಳುಮರಿ ಸಮೇತ ಜನ ಕೂತಿದ್ದರು. ಇನ್ನೊಂದು ಪಕ್ಕದಲ್ಲಿ ಜಾಗದ ಮಾಲೀಕರ ಲೆಕ್ಕಪತ್ರ ನೋಡುವ ಮುನೀಮರು, ಮುಳ್ಳುತಂತಿಯ ಸುರುಳಿಯೊಡನೆ. ಜನ ಶಾಲೆಯಿಂದ ಮರಳಿ ಗುಡಿಸಲು ಎಬ್ಬಿಸಲು ಹೋದಾಗ ಅವರು ತಡೆದಿದ್ದರಂತೆ: ಸರ್ಕಾರದ ಮನುಷ್ಯ ಬಂದು ನೋಡಿ ಬರೆಯಲಿ, ಆಮೇಲೆ ನೋಡೋಣ ಎಂದು. ಆ ಸರ್ಕಾರದ ಮನುಷ್ಯ ನಾನೇ.

"ದೇಖೋ ಸಾಬ್, ಜಾಗಾ ಖಾಲಿ ಹೈ. ಖಾಲಿ ಲಿಖ್ ದೋ" ಎಂದರು ಮುನೀಮರು. ಜಾಗ ಖಾಲಿಯೆಂದು ಬರೆದುಬಿಡಬೇಕಂತೆ.

ಪಂಚನಾಮೆಯ ಫಾರ್ಮು ಬಿಡಿಸಿದೆ. ಫಾರ್ಮಿನಲ್ಲಿದ್ದುದು ಮೂರೇ ಕಾಲಂ: ಪೂರ್ಣ ಬಿದ್ದಿದೆ, ಭಾಗಶಃ ಬಿದ್ದಿದೆ, ಹಾನಿಯಿಲ್ಲ. ಬಿದ್ದ ಗುಡಿಸಲನ್ನು ಅದೇ ಜಾಗದಲ್ಲಿ ಮತ್ತೆ ಎಬ್ಬಿಸಬಹುದು. ಇಲ್ಲದ ಗುಡಿಸಲನ್ನು ಎಬ್ಬಿಸುವಂತಿಲ್ಲ. ಗಾಳಿ ಆ ಜನರ ಒಂದು ಗೋಣಿಚೀಲವನ್ನೂ ಒಯ್ದಿರಲಿಲ್ಲ; ನನ್ನ ಪೆನ್ನು ಅವರ ಕಾಲ ಕೆಳಗಿನ ನೆಲವನ್ನೇ ಒಯ್ಯುವುದರಲ್ಲಿತ್ತು.

ಯಲ್ಲವ್ವನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದೆ: "ಪೂರ್ಣ ಬಿದ್ದಾವು ಅಂತ ಬರೀತೀನಿ. ಎಲ್ಲಾರೂ ಹೆಬ್ಬೆಟ್ಟು ಒತ್ತ್ರಿ. ಮುಗೀತು."

ಅವಳು ಮೆಲ್ಲಗೆ ಮಾತಾಡುವ ಹೆಂಗಸಲ್ಲ. "ಬಿದ್ದಾವಂತ ಬರೀತೀರಿ? ನಾವು ಮನೀ ಕಟ್ಟೂ ಮಂದಿ ಅದೀವ್ರೀ. ನಮ್ಮ ಮನೀನ ಗಾಳಿಗೆ ಬಿತ್ತಂದ್ರ ನಾಳೆ ನಮ್ಮನ್ನ ಯಾರು ಕೆಲಸಕ್ಕ ಕರೀತಾರ? ನೀವು ಬಿಚ್ಚ್ರಿ ಅಂದ್ರಿ, ನಾವು ಬಿಚ್ಚಿವಿ. ಅದನ್ನ ಬರೀರಿ."

"ಬಿಡ ಯಕ್ಕಾ, ಸಾಹೇಬ್ರು ಅವತ್ತ ಗಾಡಿ ಹಿಡಿಯೂ ಅವಸರದಾಗ ಅಂದ್ರು" ಎಂದು ಹಿಂದಿನಿಂದ ಯಾರೋ ನಕ್ಕರು.

"ಅವಸರದಾಗ ಅಂದ ಹೂಂ, ಹೂಂ ಅಲ್ಲೇನು?"

ಮುನೀಮರಿಗೆ ಬೇಸರ ಬಂತು. ಕಂಡದ್ದನ್ನಷ್ಟೇ ಬರೆಯಿರಿ ಎಂದರು. ಕಾನೂನಿನ ಪ್ರಕಾರ ಅವರ ಮಾತು ಸರಿಯೇ. "ಕ್ಯಾ ದಿಖ್ತಾ ಹೈ? ಕುಛ್ ನಹೀಂ!"

"ಏನೂ ಕಾಣವಲ್ದೇನು? ಬರ್ರಿ ಇಲ್ಲಿ" ಎಂದು ಯಲ್ಲವ್ವ ನನ್ನನ್ನು ಎಳೆದುಕೊಂಡೇ ಹೋದಳು. ಬಿದಿರು ನೆಟ್ಟ ಗುಂಡಿಗಳು ಕೆಸರು ತುಂಬಿ ಮುಚ್ಚಿಹೋಗದಂತೆ ಪ್ರತಿಯೊಂದಕ್ಕೂ ಚಿಂದಿ ತುರುಕಿದ್ದರು. ಒಲೆಯ ಮೇಲೆ ಗಾರೆಯ ಕಬ್ಬಿಣದ ಬುಟ್ಟಿ ಬೋರಲು ಹಾಕಿದ್ದರು. ಅವಳು ಒಂದನ್ನು ಎತ್ತಿದಾಗ ಒಳಗೆ ಬೂದಿ ಒಣಗಿಯೇ ಇತ್ತು. ಸುತ್ತ, ಸಾರಿಸಿದ ನೆಲ ಮಾಸಿದ್ದರೂ ಚೌಕ ಚೌಕವಾಗಿ ಕಾಣುತ್ತಿತ್ತು.

ಟೇಪು ಬಿಚ್ಚಿದೆ. ಹದಿನೇಳು ನೆಲಗಳನ್ನೂ ಅಳೆದೆ. ಮೂರು ಕಾಲಂಗಳನ್ನೂ ಖಾಲಿ ಬಿಟ್ಟು, ಕೆಳಗೆ ಷರಾ ಎಂಬ ಟಿಪ್ಪಣಿಯ ಜಾಗದಲ್ಲಿ ಬರೆದೆ: "ನೆಲ, ಒಲೆ, ಕಂಬದ ಗುಂಡಿಗಳು ಇವೆ. ಉಳಿದ ಭಾಗವನ್ನು ಬಿರುಗಾಳಿಯ ಹಿಂದಿನ ದಿನ ನಾನು ಹೇಳಿದ್ದರಿಂದ ಬಿಚ್ಚಿಟ್ಟಿದ್ದಾರೆ." ಸಹಿ ಹಾಕಲು ಸ್ವಲ್ಪ ಹಿಂಜರಿದೆ. ನೌಕರಿಯಲ್ಲಿ ನಾನಿನ್ನೂ ಖಾಯಂ ಆಗಿರಲಿಲ್ಲ. ಹದಿನೇಳು ಹೆಬ್ಬೆಟ್ಟುಗಳು ಮಾತ್ರ ಹಿಂಜರಿಯದೆ ಬಿದ್ದವು.

ನಮ್ಮ ಮೇಲಧಿಕಾರಿ ಮರಾಠಿಯವರು, ಮಿತಭಾಷಿ. ಎರಡು ಸಲ ಓದಿ, ಹೀಗೆ ಹೇಳುವ ಅಧಿಕಾರ ಯಾರು ಕೊಟ್ಟರೆಂದು ಕೇಳಿದರು. ಯಾರೂ ಕೊಟ್ಟಿಲ್ಲ ಎಂದೆ.

"ಪಣ್ ಖರಂ ಆಹೆ ನಾ?" ಬರೆದದ್ದು ನಿಜ ತಾನೆ?

"ನಿಜ, ಸಾಹೇಬ್."

ಅವರು ಸಹಿ ಹಾಕಿದರು. ಬಳಿಕ ಅದೇ ಪೆನ್ನಿನಿಂದ ನನ್ನಿಂದ ವಿವರಣೆ ಕೇಳುವ ಮೆಮೋ ಬರೆದು, ಎರಡನ್ನೂ ಒಟ್ಟಿಗೇ ಕೈಗಿತ್ತರು. ಅಷ್ಟು ಚುರುಕಾದ ಆಡಳಿತವನ್ನು ನಾನು ಮತ್ತೆ ಕಾಣಲಿಲ್ಲ. ಆ ಮೆಮೋದಿಂದ ನನ್ನ ಖಾಯಮಾತಿ ಒಂದು ವರ್ಷ ಮುಂದಕ್ಕೆ ಹೋಯಿತು.

ಮಧ್ಯಾಹ್ನವೇ ಪ್ರತಿಯೊಡನೆ ಮರಳಿದೆ. ಮುನೀಮರು ಅದನ್ನು ಓದಿಸಿ ಕೇಳಿ, ಸಹಿ ನೋಡಿ, ಇನ್ನು ಜಾಗ ಖಾಲಿ ಎನ್ನುವಂತಿಲ್ಲವೆಂದು ನಿಟ್ಟುಸಿರು ಬಿಟ್ಟು ತಂತಿ ಎತ್ತಿಸಿದರು. ಜನ ಚಿಂದಿ ಕಿತ್ತು ಬಿದಿರು ಇಳಿಸತೊಡಗಿದರು. ಕೃತಜ್ಞತೆಯ ನಾಲ್ಕು ಮಾತು ಸ್ವೀಕರಿಸಲು ನಾನು ಗಂಭೀರವಾಗಿ ನಿಂತುಕೊಂಡೆ.

"ಸುಮ್ಮನ ನಿಂದರಬ್ಯಾಡ್ರಿ ಸಾಹೇಬ್ರ" ಎಂದಳು ಯಲ್ಲವ್ವ, "ಈ ಬಿದಿರು ಹಿಡೀರಿ."

ಹಿಡಿದೆ. ಕತ್ತಲಾಗುವುದರೊಳಗೆ ಹದಿನೇಳೂ ಎದ್ದು ನಿಂತವು. ಸೊಸೈಟಿಗೆ ಗಾಜು ಹಾಕಿಸಲು ಎರಡು ತಿಂಗಳು ಹಿಡಿಯಿತು.

ಆಮೇಲೆ ನನ್ನ ನೌಕರಿಯಲ್ಲಿ ಬಿರುಗಾಳಿಯ ಎಚ್ಚರಿಕೆಗಳು ಇನ್ನೂ ಕೆಲವು ಬಂದವು. ಪ್ರತಿ ಸಲವೂ ಗಾಳಿಗೆ ಮೊದಲೇ ಹೋಗಿ, ಯಾರ ಮನೆ ಎಲ್ಲಿದೆ ಎಂದು ಅಳೆದು, ಹೆಸರು ಬರೆದುಕೊಂಡು, ಆಮೇಲೆ ಬಿಚ್ಚಿರಿ ಎನ್ನುತ್ತಿದ್ದೆ. ಹಾನಿಯ ಲೆಕ್ಕವನ್ನು ಬಿರುಗಾಳಿ ಹೋದ ಮೇಲೆ ಶುರುಮಾಡಿದರೆ ಕಿಟಕಿಗೆ ಗಾಜು ಇದ್ದವರಿಗೆ ಮಾತ್ರ ಹಾನಿಯಾದಂತೆ ಕಾಣುತ್ತದೆ. ಇದನ್ನು ನನಗೆ ಯಾವ ಟ್ರೇನಿಂಗೂ ಕಲಿಸಲಿಲ್ಲ. ಒಂದು ಸುಳ್ಳಿಗೆ ಹೆಬ್ಬೆಟ್ಟು ಒತ್ತಲೊಲ್ಲದೆ ಯಲ್ಲವ್ವ ಕಲಿಸಿದಳು. ನಾನು ಬರೆದ ಸಾವಿರಾರು ಪಂಚನಾಮೆಗಳಲ್ಲಿ ಇಂದಿಗೂ ನೆನಪಿನಿಂದ ಓದಿ ಒಪ್ಪಿಸಬಲ್ಲದ್ದು ಅದೊಂದೇ. ಅದರ ಬೆಲೆ ಒಂದು ವರ್ಷದ ಖಾಯಮಾತಿ, ಬಹಳ ಅಗ್ಗವಾಯಿತು.