ಎರಡು ಸಂತೆಯ ಮಾತು

ನಮ್ಮ ಮನೆಯ ಗೋಡೆಯ ಮೊಳೆಗೆ ಒಂದು ಎಲೆಅಡಿಕೆ ಚೀಲ ತೂಗುತ್ತಿದೆ. ಅದರಲ್ಲಿ ಎಲೆಯೂ ಇಲ್ಲ, ಅಡಿಕೆಯೂ ಇಲ್ಲ. ಆದರೂ ಹತ್ತಿರ ಹೋದರೆ ಹೊಗೆಸೊಪ್ಪಿನ ಘಾಟು ಮೂಗಿಗೆ ಬಡಿಯುತ್ತದೆ. ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಟೈಲರ್ ತಿಪ್ಪೇಸ್ವಾಮಿ ಬಂದು ಅದರ ಕೆಳಗೇ ಕುಳಿತ.

"ಕೆನ್ನೆ ಒಳಗೆ ಸುಣ್ಣ ಸುಟ್ಟೈತೆ ಮೇಷ್ಟ್ರೇ. ಮೂರು ವಾರ ಆತು. ಏನು ಹಚ್ಚಲಿ?"

ಮೂವತ್ತು ವರ್ಷ ಹಿರಿಯೂರಿನಲ್ಲಿ ಪಾಠ ಹೇಳಿದವನಿಗೆ ಯಾವ ಪ್ರಶ್ನೆಯ ಉತ್ತರವಾದರೂ ನಾಲಿಗೆಯ ತುದಿಯಲ್ಲೇ ಇರುತ್ತದೆ. ಸರಿಯೋ ತಪ್ಪೋ ಆಮೇಲಿನ ವಿಚಾರ. ಬಾಯಿ ತೆರೆಯುವಷ್ಟರಲ್ಲಿ ಚೀಲ ಕಣ್ಣಿಗೆ ಬಿತ್ತು.

ಅದು ಐಮಂಗಲದ ನಮ್ಮ ದೊಡ್ಡಮ್ಮನದು. ಕುರಿ ಸಾಕಿ ಬದುಕಿದವಳು. ಅವಳ ಜಗಲಿಗೆ ಬಂದವರು ಎಲೆಅಡಿಕೆ ಬೇಡವೆಂದರೆ ಮುಗಿಯಿತು, ವರ್ಷಗಟ್ಟಲೆ ಅವರ ಜೊತೆ ಮಾತಿಲ್ಲ. ಎಲೆಗೆ ಸುಣ್ಣ ಸವರುವುದರಲ್ಲಿ ಕೈ ತುಸು ಧಾರಾಳ. ಹಾಗಾಗಿ ಕೆನ್ನೆಯೊಳಗೆ ಬಿಳಿ ಮಚ್ಚೆ ಎದ್ದಾಗ ಸುಣ್ಣ ಸುಟ್ಟಿತೆಂದು ತುಪ್ಪ ಹಚ್ಚಿಕೊಂಡಳು. ನಮ್ಮ ಕಡೆ ಬಾಯಲ್ಲಿ ಏನು ಬೆಳ್ಳಗೆ ಕಂಡರೂ ಸುಣ್ಣದ ತಲೆಗೇ ಕಟ್ಟುತ್ತೇವೆ. ನಾನೋ ಓದಿದವನು! ಮೊಬೈಲಿಗೆ ಬಂದ ಯಾರದೋ ಸಂದೇಶ ನಂಬಿ, ಅರಿಶಿನ ಕಲಸಿದ ಕೊಬ್ಬರಿ ಎಣ್ಣೆ ಮುಕ್ಕಳಿಸು ಎಂದೆ. ಪಾಪ, ದಿನಕ್ಕೆರಡು ಸಲ ತಪ್ಪದೆ ಮುಕ್ಕಳಿಸಿದಳು. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆ ಊರಿನ ಆಶಾ ಕಾರ್ಯಕರ್ತೆ ರತ್ನಕ್ಕ. ನಾನು ಅಲ್ಲಿದ್ದಾಗಲೇ ಒಂದು ದಿನ, ಪಕ್ಕದ ಮನೆಯ ಬಾಣಂತಿಯನ್ನು ನೋಡಿಕೊಂಡು ಜಗಲಿಗೆ ಬಂದರು. ದೊಡ್ಡಮ್ಮ ಕೊಟ್ಟ ಎಲೆಅಡಿಕೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಬಾಯಿಗೆ ಹಾಕದೆ ಸೆರಗಿನ ತುದಿಗೆ ಕಟ್ಟಿಕೊಂಡರು. ಆ ಉಪಾಯ ನನಗೆ ಅವತ್ತಿನವರೆಗೂ ಹೊಳೆದಿರಲಿಲ್ಲ. ದೊಡ್ಡಮ್ಮ ಒಂದೇ ಕಡೆ ಅಗಿಯುವುದನ್ನು ಕಂಡು, ಬಾಯಿ ತೋರಿಸಿ ಎಂದರು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ರತ್ನಕ್ಕ ಕುರಿಮರಿಗಳ ವಿಷಯ ಮಾತಾಡುತ್ತಾ ಕಾದರು. ಕೊನೆಗೆ ಬಾಯಿ ತೆರೆದಾಗ ಟಾರ್ಚ್ ಬಿಟ್ಟು ನೋಡಿ, ಇದಾಗಿ ಎಷ್ಟು ಸಂತೆ ಆಯಿತು ಎಂದರು. ದೊಡ್ಡಮ್ಮ ಬೆರಳು ಮಡಚಿ ಐದು ಎಂದಳು.

"ಸುಣ್ಣ ಸುಟ್ಟಿದ್ರೆ ಎರಡು ಸಂತೆ ಕಳೆಯೋದ್ರೊಳಗೆ ಮಾಯಬೇಕಮ್ಮ. ಮಾಯದಿದ್ರೆ ತೋರಿಸ್ಲೇಬೇಕು."

ಎರಡು ವಾರ ಎಂದಿದ್ದರೆ ದೊಡ್ಡಮ್ಮ ಮರೆಯುತ್ತಿದ್ದಳೇನೋ. ಸಂತೆಯನ್ನು ಅವಳು ಮರೆಯುವುದುಂಟೇ? ನಾನು ತಡೆಯಲಾರದೆ, ಆ ಊರಲ್ಲಿ ಯಾರೂ ಹೆಸರು ಹಿಡಿದು ಹೇಳದ ಕಾಯಿಲೆಯ ಹೆಸರನ್ನು ಬಾಯಿಬಿಟ್ಟು ಕೇಳಿದೆ, ಕ್ಯಾನ್ಸರೇ ಎಂದು.

"ಇರಬೋದು, ಇಲ್ದೇನೂ ಇರಬೋದು. ನನಗೆ ಗೊತ್ತಿಲ್ಲ ಮೇಷ್ಟ್ರೇ. ಡಾಕ್ಟ್ರು ಚೂರು ತೆಗೆದು ಪರೀಕ್ಷೆ ಮಾಡಿದ್ರೇ ಗೊತ್ತಾಗೋದು."

ಬ್ಲೇಡು ತಾಗಿದರೆ ಮೈಯೆಲ್ಲ ಹಬ್ಬುತ್ತದಂತೆ, ನಾನು ಬರುವುದಿಲ್ಲ ಎಂದು ದೊಡ್ಡಮ್ಮ ಕಂಬ ಹಿಡಿದು ಕುಳಿತಳು. ರತ್ನಕ್ಕ ಅವಳ ಕೈ ಬಿಡಿಸಲಿಲ್ಲ. ಅದರ ಮೇಲೆ ತಮ್ಮ ಕೈ ಇಟ್ಟರು.

"ಹಂಗೆ ಹಬ್ಬಲ್ಲ. ಇದು ನನಗೆ ಗೊತ್ತು, ಡಾಕ್ಟ್ರನ್ನೇ ಕೇಳಿ ತಿಳ್ಕಂಡೀನಿ. ನಾಳೆ ನಾನೇ ಜೊತೆಗೆ ಬರ್ತೀನಿ ನಡೀರಿ."

ನೀವೇ ಹೇಳಿ, ಗೊತ್ತಿದ್ದುದನ್ನು ಗೊತ್ತು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಇಷ್ಟು ಸಲೀಸಾಗಿ ಹೇಳುವ ಎಷ್ಟು ಜನರನ್ನು ಕಂಡಿದ್ದೇವೆ? ಕರಿಹಲಗೆಯ ಮುಂದೆ ನಿಂತು ಒಂದು ದಿನವೂ ನಾನು ಆ ಮಾತು ಆಡಿರಲಿಲ್ಲ. ರತ್ನಕ್ಕನ ಮೇಲೆ ಅವತ್ತು ಹುಟ್ಟಿದ ಗೌರವ ಇನ್ನೂ ಕಡಿಮೆಯಾಗಿಲ್ಲ.

ಮಾರನೆಯ ದಿನ ಮೂವರೂ ಚಿತ್ರದುರ್ಗದ ಬಸ್ಸು ಹತ್ತಿದೆವು. ಪರೀಕ್ಷೆಯಲ್ಲಿ ಕ್ಯಾನ್ಸರೆಂದೇ ಬಂತು. ಇನ್ನೂ ಹರಡಿರಲಿಲ್ಲ. ಆಪರೇಷನ್ ಆಗಿ ದೊಡ್ಡಮ್ಮನ ಕೆನ್ನೆ ಒಂದು ಕಡೆ ಎಳೆದುಕೊಂಡಿದೆ, ಮಾತು ಕೊಂಚ ತೊದಲುತ್ತದೆ. ಮನೆಯಲ್ಲಿದ್ದರೆ ಕೈ ಹೋಗುತ್ತದೆಂದು ಚೀಲವನ್ನು ನನಗೆ ಕೊಟ್ಟಳು. ಈಗ ಜಗಲಿಗೆ ಬಂದವರಿಗೆ ಬೆಲ್ಲ, ನೀರು ಕೊಟ್ಟು, ಬಾಯಿ ತೆಗೀರಿ ಎನ್ನುತ್ತಾಳೆ. ತೆಗೆಯದವರ ಜೊತೆ ಮಾತಿಲ್ಲ.

ತಿಪ್ಪೇಸ್ವಾಮಿ ಇನ್ನೂ ನನ್ನ ಮುಖ ನೋಡುತ್ತಿದ್ದ.

"ನನಗೆ ಗೊತ್ತಿಲ್ಲ ತಿಪ್ಪೇಸ್ವಾಮಿ," ಎಂದೆ.

ಮೇಷ್ಟ್ರ ಬಾಯಲ್ಲಿ ಇಂಥ ಮಾತು ಕೇಳಿ ಅವನು ಹೆದರಿದ. ನಾನು ಒಳಗೆ ಹೋಗಿ ಅಂಗಿ ತೊಟ್ಟು ಬಂದು, ಚಪ್ಪಲಿ ಮೆಟ್ಟಿದೆ.

"ಎರಡು ಸಂತೆ ದಾಟೈತೆ. ಏಳಪ್ಪ, ಹೋಗಾಣ. ನಾನೂ ಬರ್ತೀನಿ."