ಗಡಿಬಿಡಿ ಏನಿಲ್ಲ ಅಂದವರ ಕಾರಿನ ವೇಗ

‘ಗಡಿಬಿಡಿ ಏನಿಲ್ರಿ ಮಾಮಾ. ಅವ್ವಗ ಸ್ವಲ್ಪ ಆರಾಮಿಲ್ಲ, ಅಷ್ಟ. ಕಾರ್ ಕಳಿಸೇನಿ, ಬಂದ್ಬಿಡ್ರಿ.’

ಮೊನ್ನೆ ಗುರುವಾರ ಮಧ್ಯಾಹ್ನ ಬಂದ ಫೋನು. ನರಗುಂದದ ಕಾಲೇಜಿನಲ್ಲಿ ಫಿಸಿಕ್ಸ್ ಕ್ಲಾಸು ಮುಗಿಸಿ ಆಗಷ್ಟೇ ಊಟದ ಡಬ್ಬಿ ಬಿಚ್ಚಿದ್ದೆ. ಮಾತಾಡಿದವನು ಸೂಡಿಯಲ್ಲಿರುವ ನನ್ನ ಅಕ್ಕನ ಮಗ, ಬಸು.

ಈಗ ನೀವೇ ಹೇಳಿ. ಗಡಿಬಿಡಿ ಇಲ್ಲದಿದ್ದರೆ ಕಾರು ಯಾಕೆ? ಈ ಬಸು ಎಂಥವನೆಂದರೆ, ತನ್ನ ಮದುವೆಗೇ ನನಗೆ ‘ಬಸ್ ಹತ್ತಿ ಬರ್ರಿ, ಸ್ಟ್ಯಾಂಡಿಗೆ ಬೈಕ್ ತರ್ತೇನಿ’ ಎಂದವನು. (ಬೈಕೂ ತರಲಿಲ್ಲ, ಆ ಮಾತು ಬೇರೆ.)

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾವಿನ ಸುದ್ದಿಯನ್ನು ನಾವು ಫೋನಿನಲ್ಲಿ ಹೇಳುವುದಿಲ್ಲ. ‘ಸ್ವಲ್ಪ ಆರಾಮಿಲ್ಲ, ಬಂದು ಹೋಗ್ರಿ’ ಅನ್ನುತ್ತೇವೆ. ದಾರಿಯಲ್ಲಿ ಎದೆ ಒಡೆದುಕೊಂಡಾರು ಎಂಬ ಕಾಳಜಿ. ಒಳ್ಳೆಯದೇ. ಆದರೆ ಇದರಿಂದ ಏನಾಗಿದೆ ಗೊತ್ತೇ? ಖರೇನೇ ಸ್ವಲ್ಪ ಆರಾಮಿಲ್ಲದವರ ಮನೆಯಿಂದ ಫೋನು ಬಂದರೂ ನಾವು ಮನಸ್ಸಿನಲ್ಲೇ ಮಣ್ಣು ಕೊಟ್ಟುಬಿಡುತ್ತೇವೆ.

ಕಾರು ಬಂತು. ಹತ್ತಿ ಕೂತವನೇ ಡ್ರೈವರನಿಗೆ ಕೇಳಿದೆ, ‘ಹ್ಯಾಂಗದಾಳಪಾ ನಮ್ಮಕ್ಕ?’

‘ನನಗೇನ್ ಗೊತ್ತಿಲ್ರಿ ಸರ್. ಗಾಡಿ ಒಯ್ಯಿ ಅಂದ್ರು, ತಂದೇನಿ.’

ನರಗುಂದದ ಗುಡ್ಡ ಹಿಂದೆ ಬೀಳುವಷ್ಟರಲ್ಲಿ ಸ್ಪೀಡಿನ ಮುಳ್ಳು ತೊಂಬತ್ತು ದಾಟಿತ್ತು. ಅದೂ ನಮ್ಮ ರಸ್ತೆಗಳಲ್ಲಿ! ‘ಸಾವಕಾಶ ಹೊಡಿಯಪಾ’ ಎಂದೆ. ‘ಹೂಂ ರಿ’ ಎಂದ. ಮುಳ್ಳು ಇಳಿಯಲಿಲ್ಲ.

ನನ್ನ ದುರ್ದೈವ ನೋಡಿ, ಅವತ್ತು ಬೆಳಗ್ಗೆ ಕ್ಲಾಸಿನಲ್ಲಿ ಕೊರೆದು ಬಂದಿದ್ದೇ ವೇಗದ ಬಗ್ಗೆ. ಸೂರ್ಯನಿಗೆ ಹತ್ತಿರದ ಗ್ರಹ ಜೋರಾಗಿ ಓಡುತ್ತದೆ, ದೂರದ್ದು ನಿಧಾನ. ಎಳೆಯುವ ತೂಕವೆಲ್ಲ ನಡುವೆ ಇದೆಯಲ್ಲ, ದೂರ ಹೋದಂತೆ ಎಳೆತ ಕಡಿಮೆ. ಗೆಲಾಕ್ಸಿಯಲ್ಲೂ ಹೊಳೆಯುವುದು ಹೆಚ್ಚಾಗಿ ನಡುವೆಯೇ. ಹಾಗಾದರೆ ಅಂಚಿನ ನಕ್ಷತ್ರಗಳು ನಿಧಾನ ತಿರುಗಬೇಕು, ಹೌದಲ್ಲ? ತಿರುಗುತ್ತಿಲ್ಲ! ಅಳೆದು ನೋಡಿದರೆ ಒಳಗಿನವುಗಳಷ್ಟೇ ಜೋರು. ಕಾಣುವ ತೂಕವನ್ನಷ್ಟೇ ನಂಬಿದರೆ ಅವು ಎಂದೋ ಕಿತ್ತುಕೊಂಡು ಹೋಗಬೇಕಿತ್ತು. ಹೋಗಿಲ್ಲ. ಅಂದರೆ ಕಾಣದ ಏನೋ ಒಂದು ಅಲ್ಲಿದ್ದು ಅವನ್ನು ಹಿಡಿದುಕೊಂಡಿದೆ. ಅದಕ್ಕೆ ಡಾರ್ಕ್ ಮ್ಯಾಟರ್ ಎಂದು ಹೆಸರಿಟ್ಟಿದ್ದಾರೆ. (ಹೆಸರಷ್ಟೇ. ಇವತ್ತಿಗೂ ಅದನ್ನು ಹಿಡಿದು ತೋರಿಸಿದವರಿಲ್ಲ.)

ಹುಡುಗಿಯೊಬ್ಬಳು ಎದ್ದು ಕೇಳಿದ್ದಳು, ‘ಸರ್, ಕಾಣಂಗಿಲ್ಲಂದ್ರ ಐತಿ ಅಂತ ಹ್ಯಾಂಗ ಹೇಳ್ತೀರಿ?’

‘ಓಟ ನೋಡಿ ಹೇಳ್ತೀವಿ’ ಎಂದಿದ್ದೆ, ಭಾರೀ ಶ್ಯಾಣ್ಯಾನಂತೆ.

ಈಗ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಆ ಶ್ಯಾಣೇತನದ ಫಲ ಉಣ್ಣುತ್ತಿದ್ದೆ. ಹೇಳಿದ ಸುದ್ದಿ ಇಷ್ಟೇ ಸಣ್ಣದು, ಓಟ ಮಾತ್ರ ಇಷ್ಟು ಜೋರು. ಯಾವ ಲೆಕ್ಕದಲ್ಲೂ ತಾಳೆಯಾಗುತ್ತಿರಲಿಲ್ಲ.

ಇನ್ನೊಂದು ಪಕ್ಷವೂ ಇದೆ ಅನ್ನಿ. ಕೆಲವು ವಿಜ್ಞಾನಿಗಳು, ಕಾಣದ್ದು ಗೀಣದ್ದು ಏನೂ ಇಲ್ಲ, ಅಷ್ಟು ದೂರದಲ್ಲಿ ನಮ್ಮ ಗುರುತ್ವದ ನಿಯಮವೇ ತಪ್ಪಿರಬಹುದು ಎನ್ನುತ್ತಾರೆ. ಕ್ಲಾಸಿನಲ್ಲಿ ಅವರನ್ನು ಎರಡು ವಾಕ್ಯದಲ್ಲಿ ಮುಗಿಸಿದ್ದೆ. ರೋಣ ದಾಟುವಾಗ ನಾನೇ ಆ ಪಕ್ಷ ಸೇರಿಕೊಂಡೆ. ಹೌದು, ನನ್ನ ನಿಯಮವೇ ತಪ್ಪು! ಬಸುವಿನ ಶೇಂಗಾ ವ್ಯಾಪಾರ ಈಗ ಚಲೋ ನಡೆದಿದೆ, ಮಾಮಾನಿಗೆ ಒಂದು ಕಾರು ಕಳಿಸಬಾರದೇ? ಈ ಡ್ರೈವರನಿಗೆ ಸಂಜೆ ಇನ್ನೊಂದು ಬಾಡಿಗೆ ಇರಬಾರದೇ? ಹೀಗೆ ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಸಮಾಧಾನ ಮಾತ್ರ ಆಗುತ್ತಿರಲಿಲ್ಲ. ಅವ್ವ ಹೋದ ಮೇಲೆ ನನಗೆ ಎಣ್ಣೆ ಹಚ್ಚಿ ಎರೆದವಳು, ಸಾಲಿಗೆ ಕೈ ಹಿಡಿದು ಬಿಟ್ಟು ಬಂದವಳು ಅಕ್ಕನೊಬ್ಬಳೇ. ಅವಳಿಲ್ಲದ ಸೂಡಿಗೆ ನಾನು ಯಾಕೆ ಹೋಗಬೇಕು?

ಓಣಿಯ ತಿರುವಿನಲ್ಲೇ ಕುತ್ತಿಗೆ ಚಾಚಿದೆ. ಮನೆಯ ಮುಂದೆ ಜನ ಕೂತಿದ್ದಾರೋ ಇಲ್ಲವೋ? ಯಾರೂ ಇಲ್ಲ. ಒಳಗಿಂದ ಅಕ್ಕನದೇ ದನಿ! ಸೊಸೆಯನ್ನು ಬೈಯುತ್ತಿದ್ದಾಳೆ. ಅಷ್ಟು ಇಂಪಾದ ಬೈಗುಳವನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಕಟ್ಟೆಯ ಮೇಲೆ ದೊಪ್ಪನೆ ಕೂತು ಅತ್ತುಬಿಟ್ಟೆ.

ಬಸು ಬಂದು ತೋಳು ಹಿಡಿದು ಹಿತ್ತಲಿಗೆ ಕರೆದೊಯ್ದ.

‘ಮಾಮಾ, ಗಜೇಂದ್ರಗಡದಾಗ ಸ್ಕ್ಯಾನ್ ಮಾಡಿಸಿದ್ವಿ. ಹೊಟ್ಟ್ಯಾಗ ಗಂಟೈತಂತ. ಸೋಮವಾರ ಹುಬ್ಬಳ್ಳಿಗೆ ಒಯ್ಯಬೇಕು. ತುಣುಕು ತಗದು ನೋಡೂತನಾ ಏನೂ ಹೇಳಾಕ ಬರಂಗಿಲ್ಲ ಅಂದಾರ ಡಾಕ್ಟ್ರು. ಅವ್ವಗ ಗ್ಯಾಸ್ ಅಂತ ಹೇಳೇವಿ. ನೀವೂ ಹಂಗ ಹೇಳ್ರಿ.’

‘ಆಕಿ ಹೊಟ್ಟಿ. ಆಕಿಗೇ ಗೊತ್ತಿರಬಾರದೇನೋ?’ ಎಂದು ರೇಗಿದೆ.

‘ಧೈರ್ಯಾ ಕಳಕೋತಾಳ್ರಿ ಮಾಮಾ.’ ನಾನು ಹೂಂ ಎಂದೆ.

ನಮ್ಮ ಮನೆಗಳಲ್ಲಿ ಹೀಗೇ ಅಲ್ಲವೇ? ರೋಗ ಯಾರದೋ ಅವರೊಬ್ಬರನ್ನು ಬಿಟ್ಟು ಇಡೀ ಓಣಿಗೆ ಗೊತ್ತಿರುತ್ತದೆ. ಇದಕ್ಕೆ ಪ್ರೀತಿ ಎಂದು ಹೆಸರು. ಪ್ರೀತಿ ಇದ್ದದ್ದೇ, ಅನುಮಾನವಿಲ್ಲ. ಆದರೆ ಎದುರು ಕೂತು ಹೇಳುವ ಸಂಕಟ ನಮಗೆ ಬೇಡ ಎಂಬುದೂ ಅದರಲ್ಲಿ ಸೇರಿಕೊಂಡಿದೆಯಲ್ಲ? ಡಾರ್ಕ್ ಮ್ಯಾಟರ್ ಹುಡುಕುವವರು ಭೂಮಿಯ ಆಳದಲ್ಲಿ ಯಂತ್ರಗಳನ್ನಿಟ್ಟು ಎಷ್ಟೋ ವರ್ಷಗಳಿಂದ ಕಾಯುತ್ತಿದ್ದಾರೆ. ಇನ್ನೂ ಕಾದರೂ ಅವರಿಗೆ ನಡೆಯುತ್ತದೆ. ನೀವು ಇದನ್ನು ಓದುವ ಹೊತ್ತಿಗೆ ಭಾನುವಾರ. ನನಗೆ ನಾಳೆಯ ತನಕ ಕಾಯುವುದೇ ಆಗುತ್ತಿಲ್ಲ. (ಅಕ್ಕನಿಗೆ ಓದು ಬರುವುದಿಲ್ಲ. ಪೇಪರ್ ಓದಿ ಹೇಳುವ ಸೊಸೆಗೆ ಈ ವಾರ ಈ ಪುಟ ಬಿಟ್ಟುಬಿಡು ಎಂದಿದ್ದೇನೆ.)

ಮುಖ ತೊಳೆದು, ನಗು ತಂದುಕೊಂಡು ಒಳಗೆ ಹೋದೆ. ಅಕ್ಕ ಮಂಚದ ಮೇಲೆ ಕೂತಿದ್ದಳು. ಸೊಸೆಯನ್ನು ಚಹಾಕ್ಕೆ ಕಳಿಸಿ, ನನ್ನನ್ನು ಹತ್ತಿರ ಕರೆದು ದನಿ ತಗ್ಗಿಸಿದಳು.

‘ತಮ್ಮಾ, ಸೊಸಿ ನನ್ನ ಒಲಿ ಕಡೆ ಬಿಡವಲ್ಲಳ. ಬಸ್ಯಾ ಅಂಗಡಿಗೆ ಹೋಗವಲ್ಲ. ಎಷ್ಟ ಬೈದ್ರೂ ಯಾರೂ ಎದುರು ಮಾತಾಡವಲ್ರು. ನನಗ ಏನಾಗೇತೋ?’

‘ಗ್ಯಾಸ್ ಅಕ್ಕಾ. ಏನೂ ಇಲ್ಲ’ ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು.

‘ಏನೂ ಇಲ್ಲಾಂದ್ರ, ನೀ ಯಾಕ ಬಂದಿ?’