ನಾಗಲಿಂಗಮ್ಮ ಮೆಚ್ಚಿದ ದವಾಖಾನಿ

ಕೊಟ್ಟೂರಿನ ನಾಗಲಿಂಗಮ್ಮನನ್ನು ಮೆಚ್ಚಿಸುವುದು ಸುಲಭದ ಮಾತಲ್ಲ. ಬೀಗರ ಮನೆಯ ಹೋಳಿಗೆ ತಿಂದು, ಕಣಕ ದಪ್ಪವಾಯಿತೆಂದು ಅವರೆದುರೇ ಅಂದ ಹೆಂಗಸು. ಹೊಸಬರು ಯಾರೇ ಸಿಗಲಿ, ಮೊದಲ ಪ್ರಶ್ನೆ ಒಂದೇ: "ಯಾರ ಪೈಕಿ ನೀವು?" ಉತ್ತರ ಒಪ್ಪಿಗೆಯಾದರಷ್ಟೇ ಅವರ ಕೈಯಿಂದ ನೀರು.

ಇಂಥಾಕೆಯ ಮೊಣಕಾಲು ಸವೆದವು. ಆಪರೇಷನ್ ಆಗದಿದ್ದರೆ ಹಾಸಿಗೆಯೇ ಗತಿ ಎಂದರು ಡಾಕ್ಟರು. ಮಗ ಗವಿಸಿದ್ದೇಶ್ ಬೆಂಗಳೂರಿನ ದೊಡ್ಡ ಆಸ್ಪತ್ರೆಗೇ ಕರೆದೊಯ್ದ. ನೆಲದಲ್ಲಿ ಮುಖ ಕಾಣುತ್ತಿತ್ತು, ಕಾಫಿ ಪುಕ್ಕಟೆ. ಆದರೆ ಅಲ್ಲಿಯ ನರ್ಸೊಬ್ಬಳು ಬಂದು ಬಳೆಗಳನ್ನು ಲಾಕರಿಗಿಟ್ಟು, "ಕೊರಳಲ್ಲಿರೋದನ್ನ ಈ ಚೀಲಕ್ಕೆ ಹಾಕಿ" ಅಂದಳು. ಚೀಲದಲ್ಲಿ ಆಗಲೇ ಆಕೆಯ ಚಪ್ಪಲಿಗಳಿದ್ದವು. ಕೊರಳಲ್ಲಿದ್ದದ್ದು ಇಷ್ಟಲಿಂಗ, ಚಿಕ್ಕಂದಿನಲ್ಲಿ ಗುರುಗಳು ಕಟ್ಟಿದ್ದು, ಹೆರಿಗೆಯಲ್ಲೂ ಮೈಬಿಟ್ಟು ಅಗಲದ್ದು. ದಿನಾ ಅದರ ಪೂಜೆಯಾಗದೆ ಆಕೆ ಹನಿ ನೀರೂ ಕುಡಿದವಳಲ್ಲ. ನಾಗಲಿಂಗಮ್ಮ ಕುಂಟುತ್ತಲೇ ಎದ್ದಳು. "ಕಾಲು ಹೋದ್ರ ಹೋಗ್ಲಿ. ಮನಿಗೆ ನಡಿಯಲೇ."

ಊರಿಗೆ ಬಂದ ಮೇಲೆ ಬಚ್ಚಲಿಗೂ ಸೊಸೆಯ ಹೆಗಲು ಬೇಕಾಯಿತು. ಕಡೆಗೆ ಮಗ ಕಾಡಿಬೇಡಿ ಹುಬ್ಬಳ್ಳಿಯ ಒಂದು ಸಣ್ಣ ಆಸ್ಪತ್ರೆಗೆ ಹೊರಡಿಸಿದ. ಲಿಫ್ಟ್ ಕೆಟ್ಟಿತ್ತು, ಸಾರು ಸಪ್ಪೆ. "ದವಾಖಾನಿನೋ, ಸಂತಿನೋ?" ಎಂದು ಆಕೆ ಗೊಣಗಿದ್ದೇ ಗೊಣಗಿದ್ದು. ಇಲ್ಲಿಯೂ ಲಿಂಗ ತೆಗೆ ಅಂದರೆ ಎದ್ದು ಬರುವುದೇ ಸೈ ಎಂದು ಒಳಗೇ ನಿರ್ಧರಿಸಿದ್ದಳು.

ನರ್ಸ್ ಕ್ರಾಂತಿ ಹಡಗಲಿ ಕಡೆಯ ಹುಡುಗಿ. ಕೊರಳು ನೋಡಿ ಕೈ ಹಿಂದೆ ತೆಗೆದಳು. "ಅಜ್ಜಿ, ಲಿಂಗ ಇಟ್ಟಿರೋ ಬೆಳ್ಳಿ ಕರಡಿಗಿ ಆಪರೇಷನ್ ಕೋಣಿ ಒಳಗ ಬಿಡಂಗಿಲ್ರಿ, ಮಗನ ಕೈಯಾಗ ಕೊಡ್ರಿ. ಲಿಂಗ ನೀವಾ ಈ ಬಟ್ಟಿಯಾಗ ಇಡ್ರಿ, ನಾ ಮ್ಯಾಲೆ ಪಟ್ಟಿ ಸುತ್ತಿ ತೋಳಿಗೆ ಕಟ್ತೀನಿ. ಡಾಕ್ಟರಿಗೆ ಕೇಳೀನ್ರಿ, ಹೂಂ ಅಂದಾರ."

ಆಪರೇಷನ್ ಮುಗಿದು ಎಚ್ಚರವಾದಾಗ ನಾಗಲಿಂಗಮ್ಮನ ಕೈ ಎದೆಗೆ ಹೋಯಿತು. ಖಾಲಿ! ಆಮೇಲೆ ನೆನಪಾಗಿ ತೋಳು ತಡವಿದಳು. ಇತ್ತು. ಗಂಟಲು ಒಣಗಿತ್ತು; ಕ್ರಾಂತಿ ನೀರಿನ ಲೋಟ ಹಿಡಿದು ನಿಂತಿದ್ದಳು, ಆದರೆ ಕೊಡಲೊಲ್ಲಳು.

"ಪೂಜಿ ಆಗಿಲ್ಲಲ್ರಿ ಅಜ್ಜಿ. ಮಾಡ್ಕೊಳ್ರಿ, ನಾ ನಿಂತಿರ್ತೀನಿ."

ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡ ಮುದುಕಿಗೆ ಅಳು ಬಂತು. ಅತ್ತು, ಪೂಜೆ ಮುಗಿಸಿ, ಆ ಲೋಟವನ್ನು ಒಂದೇ ಗುಟುಕಿಗೆ ಬರಿದು ಮಾಡಿದಳು.

ಈಗ ಕೊಟ್ಟೂರಿನ ಬೀದಿಯಲ್ಲಿ ಕೋಲೂರಿ ನಡೆಯುತ್ತಾಳೆ. ಕೇಳಿದವರಿಗೆಲ್ಲ ಒಂದೇ ಮಾತು: "ಲಿಫ್ಟ್ ಕೆಟ್ಟೈತಿ, ಸಾರಿಗೆ ಉಪ್ಪಿಲ್ಲ. ಆದ್ರ ಅಂಥಾ ದವಾಖಾನಿ ಎಲ್ಲೂ ಇಲ್ಲ." ಕಥೆಯೆಲ್ಲ ಕೇಳಿದ ಓರಗಿತ್ತಿ ಗಂಗಾಂಬಿಕಾ ಬಿಡಬೇಕಲ್ಲ: "ನೀರು ಕೊಟ್ಟಾಕಿ ಯಾರ ಪೈಕಿ?"

ನಾಗಲಿಂಗಮ್ಮ ಹುಟ್ಟಿದಾಗಿನಿಂದ ಮೊದಲ ಸಲ ಕೇಳುವುದನ್ನೇ ಮರೆತಿದ್ದಳು.

"ನಮ್ಮ ಪೈಕಿನಾ," ಅಂದಳು.